ತೊಳೆದಿಟ್ಟ ಹಾಡು

ಕಡ್ಡಿ ಎಂಬ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹಳೇ ಟೇಪ್ ರೆಕಾರ್ಡರಿನ ಒಳಗೆ ಒರೆಸುತ್ತಿದ್ದಳು. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಇನ್ನೊಂದು ತುಂಡು. ಪಕ್ಕದಲ್ಲಿ ಚಿಕ್ಕಪ್ಪ ಉಸಿರು ಬಿಗಿಹಿಡಿದು ಟೇಪು ಸುತ್ತುತ್ತಿದ್ದ.

ಕಡ್ಡಿಗೆ ಹತ್ತು ವರ್ಷ. ತೆಳ್ಳಗಿದ್ದಾಳೆಂದು ಆ ಹೆಸರಿಟ್ಟವನು ಅಜ್ಜ. ಅವನು ಗಿಟಾರಿನಲ್ಲಿ ಬ್ಲೂಸ್ ಎಂಬ ಅಮೆರಿಕದ ಸಂಗೀತ ಬಾರಿಸುತ್ತಿದ್ದ. "ಅಳೋಕೆ ನಾಚಿಕೆ ಆಗೋರಿಗೆ ಅಂತ ಇರೋ ಸಂಗೀತ ಇದು," ಅನ್ನುತ್ತಿದ್ದ. ಊರಲ್ಲಿ ಗಿಟಾರ್ ಹಿಡಿದವರೆಲ್ಲ ಅವನ ಹಾಗೇ ತಂತಿ ಎಳೆದು ಸ್ವರ ಬಗ್ಗಿಸಲು ನೋಡುತ್ತಿದ್ದರು. ಅವನು ತೀರಿಕೊಂಡು ಒಂದು ವರ್ಷವಾಗಿತ್ತು. ಭಾನುವಾರ ಶಿಷ್ಯರೆಲ್ಲ ಮನೆಗೆ ಬಂದು ಅವನ ರೆಕಾರ್ಡಿಂಗ್ ಕೇಳುವವರಿದ್ದರು. ಅವನು ಕಟ್ಟಿದ ಕೊನೆಯ ಹಾಡು ಇದೊಂದೇ ಟೇಪಿನಲ್ಲಿತ್ತು.

ಟೇಪಿನ ಮೈ ಪುಡಿಪುಡಿಯಾಗಿ ಉದುರುತ್ತಿತ್ತು. ಓಡಿದರೆ ಒಂದೇ ಸಲ ಎಂದು ಸ್ಟುಡಿಯೋದಲ್ಲಿ ಕೆಲಸ ಮಾಡುವ ಚಿಕ್ಕಪ್ಪನಿಗೆ ಗೊತ್ತಿತ್ತು. ಓಡಿತು. ಹಾಡು ಕಂಪ್ಯೂಟರಿಗೆ ಬಂತು. ಟೇಪು ಚೂರುಚೂರಾಯಿತು.

ಹಾಡಿನ ಹಿಂದೆ ಸುಯ್ಯೆನ್ನುವ ಸದ್ದಿತ್ತು. ಅದೊಂದನ್ನು ತೆಗೆಯುವುದು ಹೇಗೆಂದು ಕಡ್ಡಿಗೆ ತೋರಿಸಿ ಚಿಕ್ಕಪ್ಪ ಕೆಲಸಕ್ಕೆ ಹೋದ. ಸದ್ದಿನ ಒಂದು ಚೂರು ತೋರಿಸಿದರೆ ಸಾಕು, ಕಂಪ್ಯೂಟರ್ ಅಂಥದ್ದನ್ನೆಲ್ಲ ಹುಡುಕಿ ಅಳಿಸುತ್ತಿತ್ತು. ಸುಯ್ ಹೋಯಿತು. ಆಗ ಕುರ್ಚಿ ಕಿರುಗುಟ್ಟುವುದು ಕೇಳಿಸಿತು. ಅದನ್ನೂ ತೆಗೆದಳು. ಕೆಮ್ಮು ತೆಗೆದಳು. ಅಡಿಯಲ್ಲೆಲ್ಲೋ ದಪ್, ದಪ್ ಅನ್ನುತ್ತಿತ್ತು. ಪಕ್ಕದ ಮನೆಯವರು ಏನೋ ಕುಟ್ಟುತ್ತಿದ್ದಾರೆ ಅಂದುಕೊಂಡು ಅದನ್ನೂ ತೆಗೆದು ಇದ್ದೊಂದು ಪ್ರತಿಯ ಮೇಲೇ ಸೇವ್ ಒತ್ತಿದಳು. ಅಷ್ಟು ಜನರೆದುರು ಅಜ್ಜನ ಹಾಡು ಫಳಫಳ ಹೊಳೆಯಬೇಕು ಎಂದು ಅವಳಿಗೆ ಆಸೆ.

ಭಾನುವಾರ ಬಸ್ ಡ್ರೈವರ್ ಎಲ್ಲರಿಗಿಂತ ತಡವಾಗಿ ಬಂದ. "ಬಸ್ಸೂ ಹೀಗೇನಾ ಓಡಿಸೋದು?" ಎಂದು ನರ್ಸಮ್ಮ ಕಾಲೆಳೆದಳು. ಇಬ್ಬರೂ ಅಜ್ಜನ ಹಳೇ ಶಿಷ್ಯರು. ನಗು ನಿಂತ ಮೇಲೆ ಚಿಕ್ಕಪ್ಪ ಹಾಡು ಹಾಕಿದ.

ಗಿಟಾರ್ ಒಂದು ಸ್ವರವನ್ನು ಎಳೆದು ಸುಮ್ಮನಾಯಿತು. ಮತ್ತೆ ಎಳೆದು ಸುಮ್ಮನಾಯಿತು. ಯಾರೋ ಮಾತು ಮರೆತು ನಿಂತ ಹಾಗೆ.

"ಅವ್ರ ಕಾಲೆಲ್ಲಿ?" ಅಂದ ಡ್ರೈವರ್.

ಅಜ್ಜ ಬಾರಿಸಿದ್ದನ್ನು ಕಡ್ಡಿ ನೋಡಿದ್ದು ಅವನು ಹಾಸಿಗೆ ಹಿಡಿದ ಮೇಲೆ. ಆಗ ಕಾಲು ಹೊದಿಕೆಯೊಳಗೆ ಇರುತ್ತಿತ್ತು. ನರ್ಸಮ್ಮ ಅವಳಿಗೆ ಬಿಡಿಸಿ ಹೇಳಿದಳು. ಅಜ್ಜ ಬೇಕೆಂತಲೇ ನಡುನಡುವೆ ತಂತಿ ಮುಟ್ಟದೆ ಬಿಡುತ್ತಿದ್ದನಂತೆ. ಆ ಜಾಗದಲ್ಲಿ ಹಿಮ್ಮಡಿಯಿಂದ ನೆಲ ಕುಟ್ಟುತ್ತಿದ್ದನಂತೆ. ಅರ್ಧ ಹಾಡು ಕೈಯಲ್ಲಿ, ಅರ್ಧ ಕಾಲಲ್ಲಿ.

"ನಾನೇ ಅಳಿಸ್ದೆ," ಅಂದಳು ಕಡ್ಡಿ. "ಗಲಾಟೆ ಅಂದ್ಕೊಂಡೆ."

ಚಿಕ್ಕಪ್ಪ ಎತ್ತಿಟ್ಟಿದ್ದ ಟೇಪಿನ ಚೂರುಗಳ ಕಡೆ ನೋಡಿದ. ಬೈದಿದ್ದರೆ ವಾಸಿಯಿತ್ತು. ಅಜ್ಜಿ ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡಳು.

ಹಾಡು ಓಡುತ್ತಲೇ ಇತ್ತು. ಕಡ್ಡಿ ಈಗ ಗಿಟಾರನ್ನು ಬಿಟ್ಟು ನಡುವಿನ ಖಾಲಿಯನ್ನು ಕೇಳತೊಡಗಿದಳು. ಒಂದಿದ್ದಷ್ಟು ಉದ್ದ ಇನ್ನೊಂದಿರಲಿಲ್ಲ. ಒಂದರಲ್ಲಿ ಒಂದೇ ಏಟು ಹಿಡಿಸೀತು, ಮುಂದಿನದರಲ್ಲಿ ಮೂರಾದರೂ ಬೇಕು.

"ಅಜ್ಜಿ, ಇಲ್ಲಿ ಅಜ್ಜ ಹೇಗೆ ಕುಟ್ತಿದ್ದ?" ಅಂದಳು. "ಯಾರಾದ್ರೂ ಒಂದ್ಸಲ ಕುಟ್ಟಿ ತೋರ್ಸಿ."

ಅಜ್ಜಿ ನೆಲ ನೋಡಿದಳು. ಅವನ ಕೈಯನ್ನು ಎಲ್ಲರೂ ಕಲಿತಿದ್ದರು, ಕಾಲನ್ನು ಯಾರೂ ಕಲಿತಿರಲಿಲ್ಲ. ಬಸ್ ಡ್ರೈವರ್ ಹಿಮ್ಮಡಿ ಎತ್ತಿದ, ಕೆಳಗಿಡಲಿಲ್ಲ.