ಹೂವಿಲ್ಲದ ಹಸಿರು

ಮಣ್ಣಿನ ಮಾದರಿ ತೆಗೆಯಲು ನೆಲಕ್ಕೆ ಇಳಿಸಿದ ಕಬ್ಬಿಣದ ಕೊಳವೆ ಮೇಲೆ ಬಂದಾಗ ಅದರ ಬಾಯಲ್ಲಿ ಮಣ್ಣಿನ ಜೊತೆ ಕೆಂಪು ಉಣ್ಣೆಯ ದಾರ ಸಿಕ್ಕಿಕೊಂಡಿತ್ತು.

ಬೇರಿನ ತುಂಡಿರಬೇಕೆಂದು, ಲಾಂಝೌದಿಂದ ಹುಲ್ಲಿನ ಅಧ್ಯಯನಕ್ಕೆ ಬಂದಿದ್ದ ಶೆನ್ ಎಳೆದಳು. ದಾರ ಉದ್ದವಾಗುತ್ತಲೇ ಬಂತು. ಪಕ್ಕದಲ್ಲಿ ನಿಂತಿದ್ದ ತ್ಸೆಕಿಯ ಕೈಯಿಂದ ಹಾಲಿನ ಬಕೆಟ್ಟು ಜಾರಿತು. ಅದು ಸೊಂಟಪಟ್ಟಿಯ ದಾರ, ಅದನ್ನು ನೇಯ್ದವಳು ಅವಳೇ. ಗಂಡನಿಗಾಗಿ.

ಮೂರು ವರ್ಷಗಳಿಂದ ಮಾಚು ಬೆಟ್ಟಸೀಮೆಯ ಹುಲ್ಲುಗಾವಲುಗಳಲ್ಲಿ ಒಂದೇ ಮಾತು ಓಡಾಡುತ್ತಿತ್ತು — ತ್ಸೆಕಿಯ ಗಂಡ ರಬ್ಟೆನ್ ಶೀನಿಂಗ್ ಪೇಟೆಯ ಹೆಂಗಸಿನ ಹಿಂದೆ ಹೋದ. ಯಾಕ್‌ ಹಾಲು ಕರೆಯುವಾಗ, ಬೆರಣಿ ತಟ್ಟುವಾಗ ಉಳಿದ ಹೆಂಗಸರು ತನ್ನನ್ನು ಕಂಡು ದನಿ ತಗ್ಗಿಸುವುದು ತ್ಸೆಕಿಗೆ ಅಭ್ಯಾಸವಾಗಿಬಿಟ್ಟಿತ್ತು. ಬಿಟ್ಟುಹೋದವನು ಅವಳ ಡೇರೆಯಿಂದ ಕೂಗಳತೆಯ ದೂರದಲ್ಲೇ ಮಣ್ಣಿನಡಿ ಮಲಗಿದ್ದ.

ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಅಧಿಕಾರಿ ಯಾಂಗ್ಮೊ ಇಬ್ಬರು ಪೇದೆಗಳೊಂದಿಗೆ ಬಂದಳು. ಕುರಿ ಕಾಯುವವರ ಮನೆಯಲ್ಲೇ ಬೆಳೆದ ಹೆಂಗಸು. ಪೇದೆಗಳು ಅಗೆದರು. ತಲೆಬುರುಡೆಯ ಹಿಂಭಾಗ ಒಡೆದಿತ್ತು. ಪಶ್ಚಿಮದ ಬೆಟ್ಟದ ಮೇಲೆ ಆಲಿಕಲ್ಲಿನ ಮೋಡ ಕಪ್ಪಾಗಿ ದಟ್ಟೈಸುತ್ತಿತ್ತು. ಆಗಲೇ ರಣಹದ್ದುಗಳು ಸುತ್ತು ಹಾಕತೊಡಗಿದ್ದವು.

"ಇಲ್ಲಿ ಮಣ್ಣು ಅಗೆಯೋರು ಯಾರು ಹೇಳಿ?" ರಬ್ಟೆನ್‌ನ ಅಣ್ಣ ಚೊಪೆಲ್ ಶೆನ್‌ಳ ಕಡೆ ಗದ್ದ ಎತ್ತಿ ತೋರಿಸಿದ. "ನಾವು ಹುಲ್ಲುಗಾವಲಿನ ನೆಲ ಬಗೆದ್ರೆ ನೆಲದ ದೈವ ಸುಮ್ನೆ ಬಿಡುತ್ತಾ? ಈ ಲಾಂಝೌ ಟೀಚರಮ್ಮ ಬಂದ್ಮೇಲೇ ತಾನೆ ಬೆಟ್ಟಕ್ಕೆಲ್ಲ ತೂತು ಬಿದ್ದಿದ್ದು? ಹೆಣ ಎಲ್ಲಿದೆ ಅಂತ ನೆಟ್ಟಗೆ ಅಲ್ಲೇ ಹೋಗಿ ಚುಚ್ಚಿದ್ಲಲ್ಲ!"

"ಅದಕ್ಕೆ ಕಾರಣ ಇದೆ," ಎಂದಳು ಶೆನ್. ಮುಖ ಬಿಳಿಚಿತ್ತು. "ಇಷ್ಟು ಜಾಗದಲ್ಲಿ ಮಾತ್ರ ಹೂವೇ ಇಲ್ಲ. ವಿಚಿತ್ರ ಅನ್ನಿಸ್ತು."

"ಹೂವಂತೆ!" ಚೊಪೆಲ್ ಉಗುಳಿ ತ್ಸೆಕಿಯತ್ತ ಕೈ ತೋರಿಸಿದ. "ಹಾಗಿದ್ರೆ ಇವಳನ್ನ ಕೇಳಿ. ಗಂಡ ಹೆಂಡ್ತಿ ಜಗಳ ಆ ಬೇಸಿಗೆ ಇಡೀ ಕಣಿವೆಗೇ ಕೇಳ್ಸಿತ್ತು."

"ಭಾವ!" ಎಂದಳು ತ್ಸೆಕಿ.

ಯಾಂಗ್ಮೊ ಅವಳತ್ತ ತಿರುಗಿದಳು. "ಜಗಳ ಆಗಿತ್ತಾ ತಂಗಿ?"

"ಆಗಿತ್ತಕ್ಕ."

"ಯಾಕೆ?"

"ಅಣ್ಣನ ಜೊತೆ ಇರೋದು ಬೇಡ, ಹುಲ್ಲುಗಾವಲು ಪಾಲು ಮಾಡಿ ಬೇಲಿ ಹಾಕೋಣ ಅಂದ್ರು. ನಾನು ಬೇಡ ಅಂದೆ. ಮನೆ ಒಡೆದವಳು ಅಂತ ಹೆಸರು ನನಗೇ ಬರುತ್ತಲ್ಲ? ಮಾರನೇ ಬೆಳಿಗ್ಗೆ ಎದ್ದು ನೋಡಿದ್ರೆ ಇರ್ಲಿಲ್ಲ. ಭಾವನೇ ಹೇಳಿದ್ದು, ಬಸ್ ಹತ್ತಿದ್ದನ್ನ ಕಣ್ಣಾರೆ ಕಂಡೆ ಅಂತ."

"ಕೇಳಿದ್ರಾ? ಜಗಳ ಅವಳೇ ಒಪ್ಕೊಂಡ್ಲು," ಎಂದ ಚೊಪೆಲ್. "ಬೇಡಿ ಹಾಕೋದೊಂದು ಬಾಕಿ."

ತ್ಸೆಕಿ ತನ್ನ ಮಣಿಕಟ್ಟುಗಳನ್ನು ನೋಡಿಕೊಂಡಳು. ಇಂದು ಸಂಜೆಗೆ ತಾನು ಎಲ್ಲಿರುತ್ತೇನೆ? ಕೊಂದವಳು ಎಂಬ ಹೆಸರು ಹೊತ್ತು ಹೋದರೆ ಮರಳಿ ಬರುವ ಡೇರೆಯೂ ಇರುವುದಿಲ್ಲ.

ಯಾಂಗ್ಮೊ ಗುಂಡಿಯ ಸುತ್ತ ನಿಧಾನವಾಗಿ ನಡೆದಳು. ಇಳಿಜಾರಿನ ತುಂಬ ಗಿಡ್ಡ ಹುಲ್ಲು, ಅದರ ನಡುವೆ ಹಳದಿ, ನೀಲಿ, ಬಿಳಿ ಹೂಗಳು. ಇಲ್ಲಿ ಮಾತ್ರ ಡೇರೆಯಷ್ಟು ಅಗಲಕ್ಕೆ ಹುಲ್ಲು ಮೊಣಕಾಲೆತ್ತರ ಎದ್ದು ಕಡುಹಸಿರಾಗಿತ್ತು. ಒಂದು ಹೂವೂ ಇರಲಿಲ್ಲ.

"ಹೆಣ ಕೊಳೆತು ಹಾಗೆ ಬೆಳೆದಿರ್ಬೇಕು," ಎಂದ ಚೊಪೆಲ್, ಯಾರೂ ಕೇಳದಿದ್ದರೂ.

"ಹೆಣದ ಸಾರ ಗುಂಡಿ ಬಿಟ್ಟು ಎಷ್ಟು ದೂರ ಹೋಗುತ್ತಣ್ಣ? ಒಂದು ತೋಳಿನಷ್ಟು?" ಯಾಂಗ್ಮೊ ಶೆನ್‌ಳನ್ನು ಕೇಳಿದಳು, "ಇದು ನಿಮ್ಮ ಗೊಬ್ಬರದ ಮಡಿಯಾ?"

"ಅಲ್ಲ. ನನ್ನವು ಕೆಳಗಿವೆ. ಗೊಬ್ಬರ ತಿಂದ ಹುಲ್ಲು ಎತ್ತರಕ್ಕೆ ಏಳುತ್ತೆ, ಬೆಳಕೆಲ್ಲ ಅದರ ಪಾಲು. ಕುಳ್ಳ ಗಿಡಗಳು ನೆರಳಲ್ಲೇ ಸಾಯ್ತವೆ. ಅದನ್ನೇ ನಾನು ಓದ್ತಿರೋದು. ಮೂರು ವರ್ಷದ ಹಿಂದೆ, ಆ ಬೇಸಿಗೆ ಒಂದು ಸಲ ಹಾಕಿದ್ದೆ. ಆಮೇಲೆ ದುಡ್ಡು ನಿಂತು ಬರೋಕಾಗ್ಲಿಲ್ಲ. ಈಗ ಬಂದು ನೋಡಿದ್ರೆ ನನ್ನ ಮಡಿಗಳಲ್ಲಿ ಹೂಗಳು ಒಂದೊಂದಾಗಿ ಮರಳ್ತಿವೆ."

"ಇಲ್ಲಿ ಮರಳಿಲ್ಲ."

"ಇಲ್ಲ. ಇಲ್ಲಿ ಪ್ರತಿವರ್ಷ ಯಾರೋ ಹಾಕಿದಾರೆ."

ಗಾಳಿ ತಟ್ಟನೆ ನಿಂತಿತು. ಯಾಂಗ್ಮೊ ಟೋಪಿ ತೆಗೆದಳು.

"ಬರಿ ಮಣ್ಣು ಕಂಡ್ರೆ ಪೇಟೆಯವರು ದಾಟಿ ಹೋಗ್ತಾರೆ. ನಮ್ಮೋರು? 'ನೆಲ ಬಗೆದೋರು ಯಾರು?' ಅಂತ ನಿಂತು ಕೇಳ್ತಾರೆ. ಕೊಂದವನಿಗೆ ಇದ್ದದ್ದು ಆ ಭಯ. ಬೇಗ ಹಸಿರು ಬರ್ಲಿ ಅಂತ ಯೂರಿಯಾ ಚೆಲ್ಲಿದ. ಬಂತು. ಮರುವರ್ಷ ತೆಳುವಾಗುತ್ತೇನೋ ಅಂತ ಮತ್ತೆ ಹೆದ್ರಿ ಮತ್ತೆ ಚೆಲ್ಲಿದ. ಕೊಂದದ್ದು ಶೆನ್ ಟೀಚರ್ ಆಗಿದ್ರೆ ಒಂದು ಗೂಟ ಹೊಡೆದು ನಂಬರ್ ಬರೆದಿದ್ರೆ ಸಾಕಿತ್ತು, ಯಾರೂ ಕೇಳ್ತಿರಲಿಲ್ಲ. ಗೊಬ್ಬರ ಹೂವನ್ನ ಕೊಲ್ಲುತ್ತೆ ಅಂತ ಗೊತ್ತಿರೋರು ಅದರಿಂದಲೇ ಹೆಣದ ಜಾಗಕ್ಕೆ ಗುರುತು ಮಾಡಿಡ್ತಾರಾ? ತಂಗಿ, ಗೊಬ್ಬರ ಚೆಲ್ಲೋದು ಹಿಮ ಕರಗೋ ಹೊತ್ತಲ್ಲಿ; ಆಗ ನೀನೆಲ್ಲಿರ್ತೀಯ?"

"ಕೆಳಗೆ, ಚಳಿಗಾಲದ ಮನೇಲಿ. ಕುರಿ ಮರಿ ಹಾಕೋ ಕಾಲ ಅಲ್ವಾ? ಹಗಲೂ ರಾತ್ರಿ ಕೊಟ್ಟಿಗೇಲೇ."

"ಮೇಲೆ ಬರೋದು ಯಾರು?"

ಕುದುರೆಯ ಎರಡು ಪಕ್ಕಕ್ಕೂ ಚೀಲ ಬಿಗಿಯುತ್ತಿದ್ದ ಕೈಗಳು ತ್ಸೆಕಿಯ ಕಣ್ಣ ಮುಂದೆ ಬಂದವು. "ಭಾವ ಒಬ್ರೇ," ಎಂದಳು. "ಗಡಿ ಬೇಲಿ ನೋಡ್ಕೊಂಡು ಬರ್ತೀನಿ ಅಂತ."

"ಬರೋ ದಾರೀಲಿ ನಿಮ್ಮ ಓಟ್ಸ್ ಹೊಲ ನೋಡ್ದೆ ಚೊಪೆಲಣ್ಣ," ಎಂದಳು ಯಾಂಗ್ಮೊ. "ಪಕ್ಕದವರದ್ದು ಸೊಂಟದವರೆಗಿದೆ, ನಿಮ್ಮದು ಹಳದಿ ತಿರುಗಿ ಗೇಣುದ್ದ ನಿಂತಿದೆ. ಎಲ್ಲರಿಗೂ ಒಂದೇ ಲಾರೀಲಿ ಬಂದ ಗೊಬ್ಬರ. ನಿಮ್ಮ ಪಾಲಿಂದು ಎಲ್ಲಿಗೆ ಹೋಯ್ತು?"

ಚೊಪೆಲ್ ನಗಲು ನೋಡಿದ. ಕೈ ಸೊಂಟದ ಚೂರಿಯತ್ತ ಸರಿಯಿತು. ಪೇದೆ ಆ ಕೈಯನ್ನು ಹಿಡಿದ. ಚೊಪೆಲ್ ಕುಕ್ಕರಿಸಿ ಕೂತ.

"ಅಪ್ಪ ಕೊಟ್ಟ ಹುಲ್ಲುಗಾವಲಿಗೆ ಬೇಲಿ ಹಾಕ್ತೀನಿ ಅಂದ," ಎಂದ, ಹುಲ್ಲನ್ನು ನೋಡುತ್ತ. "ನನ್ನ ಕೈಲಿ ಗೂಟ ಹೊಡೆಯೋ ಸುತ್ತಿಗೆ ಇತ್ತು."

ಮೊದಲ ಆಲಿಕಲ್ಲು ಬಿತ್ತು. ಅವನನ್ನು ಜೀಪಿನತ್ತ ಕರೆದೊಯ್ದರು.

ತ್ಸೆಕಿ ಗುಂಡಿಯ ಅಂಚಿನಲ್ಲಿ ಮಂಡಿಯೂರಿದಳು. ಮೂರು ವರ್ಷ ಸಿಟ್ಟಿನಲ್ಲಿ ಗಂಡನ ಹೆಸರನ್ನು ಅವಳು ನಾಲಿಗೆಗೆ ತಂದಿರಲಿಲ್ಲ. ಈಗ ಅದು ಎದೆಯಿಂದ ಎದ್ದು ಹಲ್ಲಿನವರೆಗೆ ಬಂತು. ಆದರೆ ಅವಳ ಜನ ಸತ್ತವರನ್ನು ಹೆಸರು ಹಿಡಿದು ಕೂಗುವುದಿಲ್ಲ. ಕೂಗಿದರೆ ಹೊರಟ ಜೀವ ಹಿಂದೆ ತಿರುಗುತ್ತದೆ. ಬಿಟ್ಟುಹೋಗದವನು ಈಗಲಾದರೂ ಹೋಗಬೇಕಿತ್ತು.

ಅವಳು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು.