ಸತ್ತ ಗಿಡಕ್ಕೆ ಹಾಕಿದ ಗೊಬ್ಬರ

"ನನ್ನ ಡೀಸೆಲ್ ಟ್ಯಾಂಕು ಸೋರಿ ಗುಲಾಬಿ ಸತ್ತಿಲ್ಲ ಮೇಡಂ. ಆದ್ರೂ ಯಜಮಾನಮ್ಮ ಸಂಜೆಯೊಳಗೆ ಕೆಲಸ ಬಿಟ್ಟು ಹೋಗು ಅಂದ್ರು," ಎಂದು ನರ್ಸರಿಯ ಪಂಪ್ ಆಪರೇಟರ್ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡ.

ಮಣ್ಣು ಪರೀಕ್ಷೆಯ ಪ್ರಯೋಗಾಲಯದಿಂದ ನಿವೃತ್ತರಾಗಿದ್ದ ಆ ಮೇಡಂ ಬೀದಿಗೆಲ್ಲ ಮಣ್ಣಮ್ಮ. ಜೊತೆಗಿದ್ದ ಗೆಳತಿ ಟೀಚರ್ ಎಂದಿನಂತೆ ಗುದ್ದಲಿ ಹೊತ್ತರು. ಎಂಥ ತಂಟೆಗೂ ಜನ ಮಣ್ಣಮ್ಮನನ್ನೇ ಹುಡುಕಿಕೊಂಡು ಬರುವುದು ಟೀಚರನ್ನು ಒಳಗೊಳಗೇ ಚುಚ್ಚುತ್ತಿತ್ತು.

ನರ್ಸರಿಯಲ್ಲಿ ಯಜಮಾನಮ್ಮನ ಹಿರಿಸೊಸೆ ಬೆಳೆಸಿದ್ದ ಗುಲಾಬಿ ಪಾತಿ ಪೂರ್ತಿ ಒಣಗಿತ್ತು. ಪಕ್ಕದಲ್ಲೇ ಪಂಪಿನ ಡೀಸೆಲ್ ಟ್ಯಾಂಕು.

"ಇವತ್ತು ಬೆಳಿಗ್ಗೆ ಒಂದು ಗಿಡ ಕಿತ್ತಾಗಲೇ ವಾಸನೆ ಗೊತ್ತಾಗಿದ್ದು," ಎಂದಳು ಹಿರಿಸೊಸೆ. "ಆಮೇಲೆ ಯಾರೂ ಮುಟ್ಟಿಲ್ಲ. ನಾನೇ ಕಾವಲಿದ್ದೆ."

"ಇವಳು ಕೈಯಿಟ್ರೆ ಕಲ್ಲೂ ಹೂ ಬಿಡ್ತಿತ್ತು," ಎಂದು ಅತ್ತೆ ನಿಟ್ಟುಸಿರಿಟ್ಟರು. ಕಿರಿಸೊಸೆ ತನ್ನ ಮೆಣಸಿನ ಸಸಿಗಳಿಗೆ ಗೊಬ್ಬರ ಹಾಕುತ್ತಿದ್ದಳು. ಗೊಬ್ಬರದಲ್ಲಿ ಮೊಟ್ಟೆಚಿಪ್ಪಿನ ಚೂರುಗಳಿದ್ದವು.

ಮಣ್ಣಮ್ಮ ಟ್ಯಾಂಕಿನ ಬುಡ ಅಗೆಸಿ ಮೂಸಿದರು. ಬರೀ ಮಣ್ಣಿನ ವಾಸನೆ. ಪಾತಿಯ ನಡುವೆ ಮೇಲ್ಮಣ್ಣು ಡೀಸೆಲ್ ನಾರುತ್ತಿತ್ತು. ಗೇಣುದ್ದ ಕೆಳಗೆ ಎರೆಹುಳು ಆರಾಮಾಗಿ ಹರಿದಾಡುತ್ತಿತ್ತು. ಮೇಲ್ಮಣ್ಣು ಸಡಿಲವಾಗಿತ್ತು, ತೇವವಾಗಿತ್ತು. ನಡುನಡುವೆ ಬಿಳಿ ಚೂರುಗಳು.

"ಸತ್ತ ಗಿಡಕ್ಕೆ ಗೊಬ್ಬರ ಯಾಕ್ರೀ?" ಎಂದರು ಟೀಚರ್.

ಮಣ್ಣಮ್ಮ ಎದ್ದು ಎಲ್ಲರನ್ನೂ ಪಂಪಿನ ಶೆಡ್ಡಿಗೆ ಕರೆದರು.

"ಟ್ಯಾಂಕು ಸೋರಿದ್ರೆ ಅದರ ಬುಡವೇ ಮೊದಲು ನಾರ್ಬೇಕು, ಎಣ್ಣೆ ಆಳಕ್ಕಿಳೀಬೇಕು. ಇಲ್ಲಿ ನಾರೋದು ಪಾತಿಯ ಮೇಲ್ಮಣ್ಣು ಮಾತ್ರ. ಅಂದ್ರೆ ಯಾರೋ ಮೇಲಿಂದ ಸುರಿದಿದ್ದಾರೆ. ಮಣ್ಣಲ್ಲಿರೋ ಸೂಕ್ಷ್ಮಜೀವಿಗಳು ಡೀಸೆಲ್ಲನ್ನ ನಿಧಾನಕ್ಕೆ ತಿಂದು ಮುಗಿಸ್ತವೆ. ಅವಕ್ಕೆ ಗಾಳಿ, ತೇವ, ಗೊಬ್ಬರ ಕೊಟ್ರೆ ಕೆಲಸ ಬೇಗ ಆಗುತ್ತೆ. ಇಲ್ಲಿ ಮೂರನ್ನೂ ಕೊಟ್ಟಿದ್ದಾರೆ, ಅದೂ ಇವತ್ತು ಬೆಳಿಗ್ಗೆಗಿಂತ ಮೊದಲೇ. ಡೀಸೆಲ್ ಬಿದ್ದಿದೆ ಅಂತ ಆಗ ಗೊತ್ತಿದ್ದಿದ್ದು ಸುರಿದವರೊಬ್ಬರಿಗೇ. ಮೊಟ್ಟೆಚಿಪ್ಪಿನ ಗೊಬ್ಬರ ಯಾರದು?"

ಕಿರಿಸೊಸೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿದಳು. "ನನ್ನ ಸಸಿಗಳ ಕಡೆ ಅತ್ತೆ ಒಂದು ದಿನ ತಿರುಗಿ ನೋಡಲಿಲ್ಲ. ಹೊಟ್ಟೆ ಉರೀತು, ಸುರಿದುಬಿಟ್ಟೆ. ಆಮೇಲೆ ಸಂಕಟ ಆಯ್ತು. ಮಣ್ಣು ಸರಿಮಾಡೋದು ಹೇಗೆ ಅಂತ ಓದಿಕೊಂಡು ಏನೇನೋ ಮಾಡ್ದೆ. ಗಿಡ ಉಳೀಲಿಲ್ಲ, ಅಕ್ಕ."

ಅತ್ತೆ ಆಪರೇಟರ್ ಮುಖ ನೋಡಲಾರದೆ, "ಕೆಲಸ ಬಿಡ್ಬೇಡಪ್ಪ, ಪಂಪ್ ಹಾಕು," ಎಂದರು.

ಹಿರಿಸೊಸೆ ಸಲಿಕೆಯನ್ನು ಓರಗಿತ್ತಿಯ ಕೈಗಿಟ್ಟಳು. "ಮಣ್ಣು ಸರಿಹೋಗೋವರೆಗೂ ನೀನೇ ಮಗುಚು. ನಾನು ನಿಂತು ನೋಡ್ತೀನಿ."

ಹಿಂದಿರುಗುವ ದಾರಿಯಲ್ಲಿ ಟೀಚರ್ ತಡೆಯಲಾರದೆ ಅಂದರು: "ಗೊಬ್ಬರದ ಪ್ರಶ್ನೆ ಕೇಳಿದ್ದು ನಾನು."

ಮಣ್ಣಮ್ಮ ನಿಂತರು. "ಹೌದಲ್ವಾ. ಅಲ್ಲೇ ಹೇಳ್ಬೇಕಿತ್ತು," ಎಂದು ಗುದ್ದಲಿಯನ್ನು ತಾವೇ ಹೆಗಲಿಗೇರಿಸಿಕೊಂಡರು.