ಪೋಹೆ ತಿಂದ ಮಾಸ್ತರ

"ನಾಚಿಕಿ ಬರಲ್ಲೇನ್ರಿ ನಿಮಗ? ಹದಿನಾರು ವರ್ಷದ ಹುಡುಗಿ ನೋಡ್ಲಿಕ್ಕಿ ಬಂದು ಆರಾಮ ಕೂತು ಪೋಹೆ ತಿಂತೀರಿ!"

ಮಹಾರಾಷ್ಟ್ರ ಗಡಿಯ ತುರೋರಿಯ ಆ ಮನೆಯ ಹೊಸ್ತಿಲಲ್ಲೇ ದಾನೇಶ್ವರಿ ಸಿಡಿದಳು. ಶಾಲೆ ಬಿಟ್ಟ ಮಕ್ಕಳನ್ನು ಹತ್ತನೇ ಪರೀಕ್ಷೆಗೆ ಕೂರಿಸುವುದು ಅವಳ ಕೆಲಸ. ಕನ್ಯೆ ನೋಡಲು ಬಂದವರ ಮುಂದೆ ಈ ಕಡೆ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ಇಡುತ್ತಾರೆ. ಒಳಬಾಗಿಲಲ್ಲಿ ಆ ಹುಡುಗಿ ಸ್ವಪ್ನಾಲಿ ಸೀರೆ ಉಟ್ಟು ನಿಂತಿದ್ದಳು. ಇನ್ನೇನು ಪುರಾವೆ ಬೇಕು?

ಪೋಹೆ ತಿನ್ನುತ್ತಿದ್ದಾತ ಎದ್ದು ನಿಂತ. ಮೀಸೆಯಲ್ಲಿ ಒಂದು ಕೊತ್ತಂಬರಿ ಎಲೆ.

"ಮೇಡಂ, ನಾ ವೈಜನಾಥ. ನಿಲಂಗಾದಾಗ ಮಾಸ್ತರ. ನೋಡೋರು ಸಂಜೀಕ ಬರ್ತಾರ. ಅವರಿಗಿ ಮಾಡಿದ್ದು ನನಗ ತಿನಸಲಿಕತ್ತಾರ."

ಚೀಲದಿಂದ ಹದಿನೇಳು ನಂಬರ ಫಾರ್ಮ್ ತೆಗೆದ. ಶಾಲೆ ಬಿಟ್ಟವರು ಹೊರಗಿನಿಂದ ಪರೀಕ್ಷೆ ಕಟ್ಟುವ ಫಾರ್ಮ್. ಅವಳ ಕೈಯಲ್ಲೂ ಅದೇ ಇತ್ತು.

"ಇವತ್ತೇ ಕಡೀ ದಿನ," ಅಂದ. ಅವನ ಕಣ್ಣು ನಗುತ್ತಿದ್ದವು.

ಅವಳ ಕಿವಿ ಬಿಸಿಯಾದವು. "ಮೊದಲ ಮೀಸಿ ಒರಸ್ಕೋರಿ."

ಸ್ವಪ್ನಾಲಿಯ ತಾಯಿ ರಂಭಾಬಾಯಿ ಸಹಿಗೆ ಒಪ್ಪಲಿಲ್ಲ. "ಕಲತ ಹುಡಿಗೀಗಿ ವರ ಎಲ್ಲಿ ಸಿಗತಾನ, ದಾನೇಶ್ವರಿಬಾಯಿ? ನಿನಗ ಇಪ್ಪತ್ತೇಳಾತು. ಯಾರರೆ ಕೇಳ್ಯಾರ?"

"ನಾ ಕೇಳ್ತೀನಿ," ವೈಜನಾಥ ಥಟ್ಟನೆ ಅಂದ. "ಈಗೇ. ಇಲ್ಲೇ."

ಸ್ವಪ್ನಾಲಿ ಬಾಯಿಗೆ ಸೆರಗು ಒತ್ತಿ ನಕ್ಕಳು. ದಾನೇಶ್ವರಿ ನಗಲಿಲ್ಲ.

"ಬ್ಯಾಡ್ರಿ ಮಾಸ್ತರ. ವರ ಸಿಕ್ಕರಷ್ಟೇ ಕಲತದ್ದು ಸಾರ್ಥಕ ಅಂದಂಗಾತು." ರಂಭಾಬಾಯಿಯ ಕಡೆ ತಿರುಗಿದಳು. "ಅಕ್ಕಾ, ಹದಿನೈದಕ್ಕ ನನ್ನ ಮದಿವಿ ಆಗಿತ್ತು. ಎಲ್ಲಿ ನಿಂದರಿಸಿದ್ರ ಅಲ್ಲಿ ನಿಂತೆ. ಆ ಮದಿವಿ ಮುರಕೊಂಡು ವಾಪಸ್ ಬಂದು ಇದೇ ಫಾರ್ಮ್ ತುಂಬಿದೆ. ಇವತ್ತ ನಿಮ್ಮ ಹೊಸ್ತಿಲ ಮ್ಯಾಲ ನಿಂತು ಜೋರಲೆ ಮಾತಾಡ್ಲಿಕತ್ತೀನಿ. ಸ್ವಪ್ನಾಲಿಗಿ ಅಷ್ಟರೆ ಸಿಗಲಿ."

ರಂಭಾಬಾಯಿ ಮಗಳ ಸೀರೆಯ ನೆರಿಗೆಗಳನ್ನೇ ನೋಡಿದಳು. ಆ ಸೀರೆ ಅವಳದೇ.

"ನನಗ ಹದಿಮೂರಕ್ಕ ಕೊಟ್ರು," ಅಂದಳು. ಕೈ ಒರೆಸಿಕೊಂಡಳು. "ಎಲ್ಲಿ ಬರೀಬೇಕು?"

ಒಂದೊಂದೇ ಅಕ್ಷರ ಒತ್ತಿ ಬರೆದಳು. "ಸಂಜೀಕ ಬರೋರಿಗಿ ನಾ ಹೇಳ್ತೀನಿ. ಹುಡುಗಿ ಪರೀಕ್ಷಾ ಕಟ್ಯಾಳ ಅಂತ."

ನಿಲಂಗಾದ ಶಾಲೆಯಲ್ಲಿ ಫಾರ್ಮ್ ಕೊಟ್ಟು ಬಸ್‌ಸ್ಟ್ಯಾಂಡಿಗೆ ಬಂದಾಗ ಐದು ದಾಟಿತ್ತು. ಬೆಂಚಿನ ಮೇಲೆ ದಾನೇಶ್ವರಿ, ಪಕ್ಕದಲ್ಲಿ ಅವಳ ಚೀಲ. ವೈಜನಾಥ ನಿಂತೇ ಇದ್ದ.

"ಅಲ್ಲಿ ಕೇಳಿದ್ದು ತಪ್ಪಾತು," ಅಂದ. "ಆದ್ರ ಸುಳ್ಳು ಇರಲಿಲ್ಲ. ಎರಡು ವರ್ಷಾತು, ನಾ ಹೋದ ಮನ್ಯಾಗೆಲ್ಲಾ 'ನಿನ್ನಿ ಆ ಬಾಯಿ ಬಂದು ಜಗಳಾಡಿ ಹೋದಳು' ಅಂತಾರ. ನೀವು ಬಾಗಿಲಾ ತೆರದಿಟ್ಟಿರ್ತೀರಿ, ನಾ ಒಳಗ ಹೋಗ್ತೀನಿ."

"ನಾ ಹೋದಲ್ಲೆಲ್ಲಾ 'ಮಾಸ್ತರ ಚಹಾ ಕುಡದು ಹೋದ್ರು' ಅಂತಾರ."

ಇಬ್ಬರೂ ನಕ್ಕರು. ಆಮೇಲೆ ಅವನ ದನಿ ಇಳಿಯಿತು. "ಆ ಮದಿವ್ಯಾಗ ನಿಮಗ ಏನೇನು ಆಗ್ಯದ, ನನಗ ಗೊತ್ತಿಲ್ಲ. ಒಲ್ಲೆ ಅಂದ್ರ ಮತ್ತ ಕೇಳಲ್ಲ. ಫಾರ್ಮಿನ ಕೆಲಸ ಹಂಗೇ ಜೋಡೀಲೆ ಮಾಡೂಣು."

ಅವಳು ಹತ್ತಬೇಕಾದ ಉಮರ್ಗಾ ಬಸ್ ಬಂತು. ಕಂಡಕ್ಟರ್ ಕೂಗಿದ. ದಾನೇಶ್ವರಿ ಏಳಲಿಲ್ಲ. ಹದಿನೈದರಲ್ಲಿ ಮದುವೆಯಾದ ಆ ದಿನ ಅವಳ ಉತ್ತರಕ್ಕಾಗಿ ಯಾರೂ ಹೀಗೆ ಕಾದು ನಿಂತಿರಲಿಲ್ಲ.

"ಮುಂದಿನ ಬಸ್ ಎಷ್ಟಕ್ಕದ?"

"ಒಂದ ತಾಸಿಗಿ."

ಅವಳು ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂಡ್ರಿ. ನಿಧಾನ ಮಾತಾಡೂಣು. ಈ ಸಲ ಹೂಂ ಅನ್ನೂದು ನಾನೇ ಅಂತೀನಿ."